ದೊಡ್ಡ ಗಡ್ಡೆ ತೆಗೆದ ಜಾಗಕ್ಕೆ ಜೀವಂತ ಚರ್ಮದ ಹೊದಿಕೆ: ಫ್ಲ್ಯಾಪ್ ಶಸ್ತ್ರಚಿಕಿತ್ಸೆಯ ಬಗ್ಗೆ ತಿಳಿಯೋಣ



ಚರ್ಮದ ಗಡ್ಡೆಗೆ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಷ್ಟು ದೊಡ್ಡದು ತೆಗೆದರೆ ಗುಂಡಿ ಬೀಳುತ್ತಲ್ಲ ಸಿಸ್ಟರ್, ಅದನ್ನು ಮುಚ್ಚೋದು ಹೇಗೆ?" ಈ ಭಯದಿಂದಲೇ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಎಷ್ಟೋ ಜನ ಆಪರೇಷನ್ನನ್ನು ಮುಂದೂಡುತ್ತಾರೆ. ಗಡ್ಡೆ ಮಾತ್ರ ಮುಂದೂಡುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಪಾಠದ ಉದ್ದೇಶ. ಓದಲು ಬಾರದವರಿಗೆ ದಯವಿಟ್ಟು ಜೊತೆಯವರು ಓದಿ ಹೇಳಿ.

ಚರ್ಮದ ಕ್ಯಾನ್ಸರ್ ನಮ್ಮವರಿಗೂ ಬರುತ್ತದೆಯೇ?

ಬರುತ್ತದೆ. ನಮ್ಮ ಚರ್ಮದಲ್ಲಿರುವ ಕಪ್ಪು ವರ್ಣದ್ರವ್ಯ ಬಿಸಿಲಿನಿಂದ ಸಾಕಷ್ಟು ರಕ್ಷಣೆ ಕೊಡುತ್ತದೆ. ಆದ್ದರಿಂದ ಬಿಳಿಯ ಜನರಿಗಿಂತ ನಮ್ಮಲ್ಲಿ ಈ ರೋಗ ಕಡಿಮೆ. ಕಡಿಮೆ ಎಂಬ ಕಾರಣಕ್ಕೇ ನಾವು ಅದನ್ನು ಅಲಕ್ಷ್ಯ ಮಾಡುತ್ತೇವೆ. ಹೆಚ್ಚಾಗಿ ಕಾಣುವ ಬಗೆಗಳು ಮೂರು:

1. ಮುಖದ ಮೇಲೆ, ಮೂಗಿನ ಪಕ್ಕ ಅಥವಾ ಕಣ್ಣಿನ ಕೆಳಗೆ ಮುತ್ತಿನಂತೆ ಎದ್ದು ನಿಧಾನವಾಗಿ ಹುಣ್ಣಾಗುವ ಗಡ್ಡೆ. ಇದು ದೂರದ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಆದರೆ ಬಿಟ್ಟರೆ ಅಲ್ಲಿಯ ಮಾಂಸ, ಮೂಳೆಯನ್ನೇ ತಿನ್ನುತ್ತದೆ.

2. ಹೂಕೋಸಿನಂತೆ ಬೆಳೆಯುವ, ಮುಟ್ಟಿದರೆ ರಕ್ತ ಬರುವ, ವಾಸನೆ ಬರುವ ಹುಣ್ಣು. ಇದು ಕಂಕುಳು, ತೊಡೆಸಂದು ಅಥವಾ ಕತ್ತಿನ ಗ್ರಂಥಿಗಳಿಗೆ ಹರಡಬಲ್ಲದು.

3. ಕಪ್ಪು ಮಚ್ಚೆಯಂತೆ ಕಾಣುವ ಗಡ್ಡೆ. ನಮ್ಮವರಲ್ಲಿ ಇದು ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಬರುವುದುಂಟು. ಬರಿಗಾಲಲ್ಲಿ ನಡೆಯುವವರು ಮುಳ್ಳು ಚುಚ್ಚಿರಬೇಕು ಎಂದುಕೊಂಡು ಸುಮ್ಮನಿರುತ್ತಾರೆ. ಮೂರರಲ್ಲಿ ಬೇಗ ಹರಡುವುದು ಇದೇ.

ಇನ್ನೊಂದು ಮಾತು. ಚಿಕ್ಕಂದಿನಲ್ಲಿ ಒಲೆಗೆ ಬಿದ್ದು ಸುಟ್ಟ ಕಲೆ, ಬಿಸಿನೀರು ಬಿದ್ದ ಕಲೆ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣು, ಇವುಗಳ ಮೇಲೂ ಕ್ಯಾನ್ಸರ್ ಏಳಬಹುದು. ಇಂಥ ಹುಣ್ಣನ್ನು ಫ್ರಾನ್ಸಿನ ವೈದ್ಯ ಮಾರ್ಜೊಲಿನ್ 1828ರಲ್ಲಿ ವರ್ಣಿಸಿದರು. ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಸುಟ್ಟ ದಿನದಿಂದ ಕ್ಯಾನ್ಸರ್ ಕಾಣಿಸುವವರೆಗೆ ಸರಾಸರಿ 30 ವರ್ಷದಷ್ಟು ಕಾಲ ಹಿಡಿಯಬಹುದು. ಹಾಗಾಗಿ "ಅದು ಹಳೇ ಕಲೆ, ಮೊದಲಿಂದ ಇದೆ" ಎನ್ನಬೇಡಿ. ಹಳೆಯ ಕಲೆಯಲ್ಲಿ ಹೊಸದಾಗಿ ಬಿರುಕು, ಹುಣ್ಣು ಅಥವಾ ಗಂಟು ಬಂದರೆ ತೋರಿಸಿ. ಎಲ್ಲೇ ಆಗಲಿ, 4 ವಾರ ಕಳೆದರೂ ಮಾಯದ ಹುಣ್ಣನ್ನು ಡಾಕ್ಟರು ನೋಡಲೇಬೇಕು.

ಸುತ್ತಲಿನ ಒಳ್ಳೆಯ ಚರ್ಮವನ್ನೂ ಏಕೆ ತೆಗೆಯುತ್ತಾರೆ?

ಗಡ್ಡೆಯ ಅಂಚು ನಮ್ಮ ಕಣ್ಣಿಗೆ ಕಾಣುವಲ್ಲಿಗೆ ಮುಗಿಯುವುದಿಲ್ಲ. ಕಣ್ಣಿಗೆ ಕಾಣದ ಜೀವಕೋಶಗಳು ಬೇರಿನಂತೆ ಆಚೆಗೂ ಹೋಗಿರುತ್ತವೆ. ಅದಕ್ಕಾಗಿ ಕೆಲವು ಗಡ್ಡೆಗಳಿಗೆ 4–6 ಮಿಲಿಮೀಟರ್, ದೊಡ್ಡದಾದ ಅಥವಾ ಅಪಾಯಕಾರಿಯಾದ ಗಡ್ಡೆಗಳಿಗೆ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ತೆಗೆದದ್ದನ್ನು ಪರೀಕ್ಷೆಗೆ ಕಳುಹಿಸುತ್ತಾರೆ. "ಅಂಚಿನಲ್ಲಿ ರೋಗವಿಲ್ಲ" ಎಂದು ವರದಿ ಬರುವುದು ಬಹಳ ಮುಖ್ಯ. ಆ ವರದಿ ಬರುವವರೆಗೆ ಚಿಕಿತ್ಸೆ ಮುಗಿಯಿತು ಎಂದುಕೊಳ್ಳಬಾರದು.

"ಚಾಕು ತಗುಲಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಮಾತು ಊರಿನಲ್ಲಿದೆ. ಇದು ತಪ್ಪು. ಚಿಕ್ಕ ಚೂರು ತೆಗೆದು ಪರೀಕ್ಷೆ ಮಾಡುವುದರಿಂದಾಗಲಿ, ಸರಿಯಾಗಿ ಮಾಡಿದ ಆಪರೇಷನ್ನಿನಿಂದಾಗಲಿ ಈ ರೋಗ ಹರಡುವುದಿಲ್ಲ. ತಡಮಾಡಿದರೆ ಮಾತ್ರ ಹರಡಲು ಸಮಯ ಸಿಗುತ್ತದೆ.

ಗಾಯವನ್ನು ಮುಚ್ಚುವ ಮೂರು ದಾರಿಗಳು

ಮೊದಲನೆಯದು ನೇರ ಹೊಲಿಗೆ. ಗಾಯ ಚಿಕ್ಕದಿದ್ದರೆ ಎರಡು ಅಂಚುಗಳನ್ನು ಎಳೆದು ಹೊಲಿಯುತ್ತಾರೆ.

ಎರಡನೆಯದು ಚರ್ಮದ ಕಸಿ. ತೊಡೆಯಿಂದ ತೆಳುವಾದ ಚರ್ಮದ ಪದರವನ್ನು ಪೂರ್ತಿಯಾಗಿ ಬಿಡಿಸಿ ತಂದು ಗಾಯದ ಮೇಲೆ ಹಾಸುತ್ತಾರೆ. ಇದು ಟೊಮೆಟೊ ಸಸಿಯನ್ನು ಕಿತ್ತು ತಂದು ಹೊಲದಲ್ಲಿ ನಾಟಿ ಮಾಡಿದ ಹಾಗೆ. ಮೊದಲ ಎರಡು ದಿನ ಅದು ಗಾಯದಲ್ಲಿ ಜಿನುಗುವ ನೀರಿನಂಶದಿಂದಲೇ ಬದುಕುತ್ತದೆ. ಆಮೇಲೆ ಕೆಳಗಿನಿಂದ ರಕ್ತನಾಳಗಳು ಬಂದು ಸೇರುತ್ತವೆ. 5–7 ದಿನಕ್ಕೆ ಬೇರು ಹಿಡಿಯುತ್ತದೆ. ಆದರೆ ಸಸಿ ಬಂಡೆಯ ಮೇಲೆ ಹಿಡಿಯುತ್ತದೆಯೇ? ಗಡ್ಡೆ ತೆಗೆದಾಗ ಬರಿಯ ಮೂಳೆ, ಬರಿಯ ಸ್ನಾಯುರಜ್ಜು ಅಥವಾ ದೊಡ್ಡ ರಕ್ತನಾಳ ಹೊರಗೆ ಕಂಡರೆ ಅಲ್ಲಿ ಕಸಿ ಹಿಡಿಯುವುದಿಲ್ಲ.

ಅಂಥ ಜಾಗಕ್ಕೆ ಮೂರನೆಯ ದಾರಿಯೇ ಫ್ಲ್ಯಾಪ್. ಇಲ್ಲಿ ಚರ್ಮ, ಅದರ ಕೆಳಗಿನ ಕೊಬ್ಬು, ಕೆಲವೊಮ್ಮೆ ಮಾಂಸಖಂಡವನ್ನೂ ಸೇರಿಸಿ, ಅದಕ್ಕೆ ರಕ್ತ ಕೊಡುವ ನಾಳದ ಸಮೇತ ಸರಿಸಿ ತರುತ್ತಾರೆ. ಅದು ತನ್ನ ನೀರನ್ನು ತಾನೇ ಹೊತ್ತು ತರುತ್ತದೆ. ಮಾವಿನ ಕಸಿ ಕಟ್ಟುವುದನ್ನು ನೀವು ನೋಡಿರಬಹುದು. ತಾಯಿಮರದ ಕೊಂಬೆಯನ್ನು ಕತ್ತರಿಸದೆ ಸಸಿಗೆ ಸೇರಿಸಿ ಕಟ್ಟುವ ಒಂದು ಕ್ರಮವಿದೆ. ಎರಡೂ ಕೂಡಿಕೊಂಡ ಮೇಲೆ ತಾಯಿಮರದಿಂದ ಬಿಡಿಸುತ್ತಾರೆ. ಫ್ಲ್ಯಾಪ್ ಕೂಡ ಹಾಗೆಯೇ.

ಫ್ಲ್ಯಾಪ್‌ನಲ್ಲಿಯೂ ಬಗೆಗಳಿವೆ:

* ಪಕ್ಕದ ಚರ್ಮವನ್ನೇ ತಿರುಗಿಸಿ ಮುಚ್ಚುವುದು. ಕೆನ್ನೆ, ನೆತ್ತಿ, ಬೆನ್ನಿನಲ್ಲಿ ಇದು ಅನುಕೂಲ.
* ಸ್ವಲ್ಪ ದೂರದಿಂದ ರಕ್ತನಾಳದ ತೊಟ್ಟು ಬಿಡಿಸದೆ ತರುವುದು. ಮೂಗಿಗೆ ಹಣೆಯಿಂದ, ಕತ್ತಿಗೆ ಎದೆಯಿಂದ, ಹಿಮ್ಮಡಿಗೆ ಮೀನಖಂಡದ ಕಡೆಯಿಂದ ತರುತ್ತಾರೆ.
* ತೊಡೆ, ಮುಂಗೈ ಅಥವಾ ಬೆನ್ನಿನಿಂದ ಪೂರ್ತಿ ಬಿಡಿಸಿ ತಂದು, ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ರಕ್ತನಾಳಗಳನ್ನು ಜೋಡಿಸುವುದು. ಇದಕ್ಕೆ ಬಹಳ ಗಂಟೆ ಹಿಡಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯ.

ಯಾರಿಗೆ ಯಾವುದು ಎಂಬುದನ್ನು ಗಾಯದ ಜಾಗ, ಆಳ, ವಯಸ್ಸು, ಸಕ್ಕರೆ ಕಾಯಿಲೆ ಎಲ್ಲ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಪಕ್ಕದ ಹಾಸಿಗೆಯವರಿಗೆ ಮಾಡಿದ್ದನ್ನೇ ನಿಮಗೂ ಮಾಡಬೇಕೆಂದಿಲ್ಲ.

ಇದು ಹೊಸದಲ್ಲ, ನಮ್ಮ ನೆಲದ ವಿದ್ಯೆ

"ಇದೆಲ್ಲ ಪ್ರಯೋಗವೇನೋ" ಎಂದು ಕೆಲವರು ಹೆದರುತ್ತಾರೆ. ಕೆನ್ನೆಯ ಚರ್ಮವನ್ನು ತಿರುಗಿಸಿ ಕಿವಿ ಮೂಗು ಸರಿಪಡಿಸುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಇನ್ನೊಂದು ಸಂಗತಿ ಮೈಸೂರು ಯುದ್ಧದ ಕಾಲದ್ದು. 1790ರಿಂದ 1792ರವರೆಗೆ ನಡೆದ ಆ ಯುದ್ಧದಲ್ಲಿ, 1791ರ ಅಕ್ಟೋಬರ್‌ನಲ್ಲಿ ನಮ್ಮ ನಂದಿದುರ್ಗ ಇಂಗ್ಲಿಷರ ವಶವಾಯಿತು. ಅದೇ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಸುಮಾರು ಒಂದು ವರ್ಷದ ನಂತರ ಪುಣೆಯ ಕಡೆಯ ಒಬ್ಬ ದೇಶೀ ವೈದ್ಯ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿ ಚರ್ಮವನ್ನು ಕೆಳಗೆ ತಿರುಗಿಸಿದ. ಆ ತೊಟ್ಟನ್ನು ಸುಮಾರು 25ನೇ ದಿನ ಕತ್ತರಿಸುತ್ತಿದ್ದರು. ಈ ವಿವರ 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ತಿಳಿದು ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಇದೇ ಆಪರೇಷನ್ ಮಾಡಿದರು. ಅಲ್ಲಿಂದ ಯೂರೋಪಿಗೆಲ್ಲ ಈ ವಿದ್ಯೆ ಹಬ್ಬಿತು.

ಇಂದಿಗೂ ಹಣೆಯ ಫ್ಲ್ಯಾಪ್‌ನಲ್ಲಿ ಆ ತೊಟ್ಟನ್ನು ಸುಮಾರು 3 ವಾರಕ್ಕೆ ಕತ್ತರಿಸುತ್ತಾರೆ. ಅಲ್ಲಿಯವರೆಗೆ ಹಣೆಯಿಂದ ಮೂಗಿಗೆ ಒಂದು ಸೇತುವೆಯಂತೆ ಚರ್ಮ ಕಾಣುತ್ತದೆ. ನೋಡಿ ಗಾಬರಿಯಾಗಬೇಡಿ. ಮಕ್ಕಳು ನೋಡಲು ಬರುವ ಮುನ್ನ ಅವರಿಗೂ ತಿಳಿಸಿ ಹೇಳಿ.

ಆಪರೇಷನ್‌ಗೆ ಮೊದಲು

* ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪು ಎಲ್ಲವನ್ನೂ ಬಿಡಬೇಕು. ಸಾಧ್ಯವಾದರೆ 4 ವಾರ ಮೊದಲೇ ಬಿಡಿ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುರಿಸುತ್ತದೆ. ಫ್ಲ್ಯಾಪ್ ಬದುಕುವುದು ಆ ಸಣ್ಣ ನಾಳಗಳಿಂದಲೇ.
* ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ ಏನೇ ಇದ್ದರೂ ಮುಚ್ಚಿಡದೆ ಹೇಳಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.
* ಕೊರಳಿನ ಶಿವದಾರ, ತಾಳಿಸರ, ತಾಯಿತಗಳನ್ನು ಆಪರೇಷನ್ ಥಿಯೇಟರಿಗೆ ಹೋಗುವ ಮುನ್ನ ಮನೆಯವರ ಕೈಗೆ ಕೊಡಿ. ಎದೆಯಿಂದ ಕತ್ತಿಗೆ ಫ್ಲ್ಯಾಪ್ ತಂದವರ ಕೊರಳಿಗೆ ಡಾಕ್ಟರು ಒಪ್ಪುವವರೆಗೆ ಯಾವ ದಾರವನ್ನೂ ಕಟ್ಟಕೂಡದು. ಆ ದಾರದ ಕೆಳಗೇ ರಕ್ತನಾಳ ಹಾದುಹೋಗಿರುತ್ತದೆ.
* ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಚರ್ಮ ಎಲ್ಲಿಂದ ತೆಗೆಯುತ್ತೀರಿ? ಒಂದು ಆಪರೇಷನ್ನೋ ಎರಡೋ? ನಂತರ ಕರೆಂಟು ಚಿಕಿತ್ಸೆ, ಅಂದರೆ ವಿಕಿರಣ ಬೇಕಾಗಬಹುದೇ?

ಮೊದಲ ಮೂರು ದಿನ: ಬಂಧುಗಳ ಕಣ್ಣೇ ಕಾವಲು

ಫ್ಲ್ಯಾಪ್‌ಗೆ ತೊಂದರೆ ಬಂದರೆ ಹೆಚ್ಚಾಗಿ ಮೊದಲ 48ರಿಂದ 72 ಗಂಟೆಗಳೊಳಗೆ ಬರುತ್ತದೆ. ಒಳಗೆ ಹೋಗುವ ರಕ್ತ ನಿಲ್ಲಬಹುದು, ಇಲ್ಲವೇ ಹೊರಗೆ ಬರುವ ರಕ್ತ ನಿಲ್ಲಬಹುದು. ಕೆಲವೇ ಗಂಟೆಗಳಲ್ಲಿ ಗಮನಿಸಿದರೆ ಹೊಲಿಗೆ ಸಡಿಲಿಸಿಯೋ, ಮತ್ತೆ ಥಿಯೇಟರಿಗೆ ಒಯ್ದೋ ಉಳಿಸಿಕೊಳ್ಳುವ ಅವಕಾಶವಿದೆ. ತಡವಾದರೆ ಉಳಿಯುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಡಿಪ್ಲೊಮಾ ಮುಗಿಸಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ರಾತ್ರಿ ಡ್ಯೂಟಿ. ಕಾಲಿನ ಸುಟ್ಟ ಕಲೆಯ ಮೇಲೆ ಎದ್ದ ಗಡ್ಡೆ ತೆಗೆಸಿಕೊಂಡ ಒಬ್ಬ ಅಜ್ಜಿ ವಾರ್ಡಿನಲ್ಲಿದ್ದರು. ರಾತ್ರಿ ಒಂದು ಗಂಟೆಗೆ ಸೊಸೆ ಬಂದು, "ಸಿಸ್ಟರ್, ಅತ್ತೆ ಕಾಲಿನ ಚರ್ಮ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ, ಊದಿಕೊಂಡಿದೆ" ಎಂದರು. ಹೋಗಿ ನೋಡಿದೆ. ಮಂದ ಬೆಳಕಿನಲ್ಲಿ ನನಗೆ ಅಷ್ಟೇನೂ ಕಾಣಲಿಲ್ಲ. "ಬೆಳಿಗ್ಗೆ ಡಾಕ್ಟರು ರೌಂಡ್ಸ್‌ಗೆ ಬಂದಾಗ ತೋರಿಸೋಣಮ್ಮ" ಎಂದೆ. ಬೆಳಿಗ್ಗೆ ಬಿಚ್ಚಿ ನೋಡಿದಾಗ ಕೆಳಗೆ ರಕ್ತ ಹೆಪ್ಪುಗಟ್ಟಿ ನಾಳವನ್ನು ಒತ್ತಿಹಿಡಿದಿತ್ತು. ಫ್ಲ್ಯಾಪ್‌ನ ಮೂರನೇ ಒಂದು ಭಾಗ ಕಪ್ಪಾಗಿ ಸತ್ತುಹೋಯಿತು. ಅಜ್ಜಿಗೆ ಇನ್ನೊಂದು ಆಪರೇಷನ್, ಇನ್ನೂ ಮೂರು ವಾರ ಆಸ್ಪತ್ರೆ. ಸೊಸೆ ಮಾತ್ರ "ನಾನು ಇನ್ನೊಂದು ಸಲ ಬಂದು ಹೇಳಬೇಕಾಗಿತ್ತು" ಎಂದು ತನ್ನನ್ನೇ ಬೈದುಕೊಂಡರು. ತಪ್ಪು ಅವರದಲ್ಲ, ನನ್ನದು. ಅವರ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿ ನೋಡಿತ್ತು.

ಅಂದಿನಿಂದ ನಾನು ಪ್ರತಿಯೊಬ್ಬ ಬಂಧುವಿಗೂ ಹೇಳುವುದು ಇದನ್ನೇ: ಮಧ್ಯರಾತ್ರಿಯಾದರೂ ಕರೆಯಿರಿ. ಸಿಸ್ಟರ್ "ನೋಡೋಣ" ಎಂದರೆ ಎರಡನೇ ಸಲ ಬನ್ನಿ. "ಡಾಕ್ಟರಿಗೆ ಫೋನ್ ಮಾಡಿ" ಎಂದು ಧೈರ್ಯವಾಗಿ ಕೇಳಿ. ಇದಕ್ಕಾಗಿ ಯಾರೂ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬಾರದು.

ಏನನ್ನು ಗಮನಿಸಬೇಕು?

* ಸರಿಯಾದ ಫ್ಲ್ಯಾಪ್: ಬೆಚ್ಚಗೆ, ಮೆತ್ತಗೆ ಇರುತ್ತದೆ. ಬಣ್ಣ ಅದು ಎಲ್ಲಿಂದ ಬಂದಿದೆಯೋ ಆ ಜಾಗದ ಚರ್ಮದಂತಿರುತ್ತದೆ. ಎದೆಯಿಂದ ಕತ್ತಿಗೆ ತಂದಿದ್ದರೆ ಎದೆಯ ಚರ್ಮಕ್ಕೆ ಹೋಲಿಸಿ, ಕತ್ತಿಗಲ್ಲ.
* ರಕ್ತ ಒಳಗೆ ಹೋಗದಿದ್ದರೆ: ಬಿಳಿಚಿಕೊಂಡು ತಣ್ಣಗಾಗುತ್ತದೆ, ಸುಕ್ಕುಗಟ್ಟಿದಂತೆ ಕಾಣುತ್ತದೆ.
* ರಕ್ತ ಹೊರಗೆ ಬರದಿದ್ದರೆ: ನೀಲಿ ಅಥವಾ ನೇರಳೆ ಬಣ್ಣ, ಬಿಗಿಯಾದ ಊತ, ಅಂಚಿನಿಂದ ಕಪ್ಪು ರಕ್ತ ಜಿನುಗುವುದು.
* ನಮ್ಮ ಕಂದು ಚರ್ಮದಲ್ಲಿ ಬಣ್ಣ ಬದಲಾದದ್ದು ಬೇಗ ತಿಳಿಯುವುದಿಲ್ಲ. ಆದ್ದರಿಂದ ಒಳ್ಳೆಯ ಬೆಳಕಿನಲ್ಲಿ ನೋಡಿ, ಊತವನ್ನೂ ಗಮನಿಸಿ.

ಒತ್ತಿ ಬಿಟ್ಟು ರಕ್ತ ಮರಳುವುದನ್ನು ನೋಡುವುದು, ಮುಟ್ಟಿ ಬಿಸಿ ನೋಡುವುದು ಸಿಸ್ಟರ್ ಕೆಲಸ. ಅದು ಸುಮಾರು 2 ಸೆಕೆಂಡಿನಲ್ಲಿ ಮರಳಬೇಕು. ನೀವು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಬೇಡಿ.

ವಾರ್ಡಿನಲ್ಲಿ ಮಾಡಬಾರದ ಕೆಲಸಗಳು

1. ಫ್ಲ್ಯಾಪ್ ಇರುವ ಮಗ್ಗುಲಿಗೆ ಮಲಗಬಾರದು. ಕಾಲಿಗೆ ಮಾಡಿದ್ದರೆ ದಿಂಬಿನ ಮೇಲೆ ಎತ್ತಿ ಇಡಬೇಕು. ಮಂಚದಿಂದ ಕಾಲು ಇಳಿಬಿಟ್ಟು ಕೂರಬಾರದು.

2. ಶಾಖ ಕೊಡಬಾರದು. ಫ್ಲ್ಯಾಪ್‌ನಲ್ಲಿ ಮೊದಲ ತಿಂಗಳುಗಳಲ್ಲಿ ಸ್ಪರ್ಶಜ್ಞಾನ ಇರುವುದಿಲ್ಲ. ಬಿಸಿನೀರಿನ ಚೀಲ ಇಟ್ಟರೆ ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ನೆನಪಿಡಿ. ಕೈಗೆ ಫ್ಲ್ಯಾಪ್ ಆಗಿದ್ದರೆ ಡಾಕ್ಟರು ಹೇಳುವವರೆಗೆ ಗೂಡು ಬೇಯಿಸುವ ಬಿಸಿನೀರಿನ ಹತ್ತಿರ ಹೋಗಬೇಡಿ.

3. ಅರಿಶಿನ, ಸೊಪ್ಪಿನ ರಸ, ಕಾಫಿಪುಡಿ, ವಿಭೂತಿ ಯಾವುದನ್ನೂ ಗಾಯಕ್ಕೆ ಹಚ್ಚಬಾರದು. ಹಣೆಯಿಂದ ಚರ್ಮ ತೆಗೆದವರು ಗಾಯ ಮಾಯುವವರೆಗೆ ಹಣೆಗೂ ಹಚ್ಚಬಾರದು.

4. ಪಕ್ಕದಲ್ಲಿ ಕುಳಿತು ಬೀಡಿ ಸೇದಬಾರದು. ಆ ಹೊಗೆಯೂ ಕೆಟ್ಟದ್ದೇ.

5. ಗಾಯದಿಂದ ಬರುವ ಟ್ಯೂಬು ಮತ್ತು ಬಾಟಲಿಯನ್ನು ಎಳೆಯಬಾರದು, ಖಾಲಿ ಮಾಡಬಾರದು. ಅದರಲ್ಲಿ ಬರುವ ನೀರಿನ ಅಳತೆ ನಮಗೆ ಬೇಕು.

6. ತೊಡೆಯಿಂದ ಚರ್ಮ ತೆಗೆದಿದ್ದರೆ ಆ ಜಾಗದ ಡ್ರೆಸ್ಸಿಂಗನ್ನು ಬಿಚ್ಚಬಾರದು. ಸುಮಾರು 10–14 ದಿನಕ್ಕೆ ಕೆಳಗೆ ಹೊಸ ಚರ್ಮ ಬರುತ್ತದೆ. ನೋವು ಗಡ್ಡೆಯ ಜಾಗಕ್ಕಿಂತ ಇಲ್ಲಿ ಹೆಚ್ಚಿರಬಹುದು, ಮಾತ್ರೆ ಕೇಳಿ ಪಡೆಯಿರಿ.

ನಂಜು ಮತ್ತು ಪಥ್ಯ

"ಬದನೆಕಾಯಿ ನಂಜು, ಅವರೆಕಾಳು ನಂಜು, ಹಾಲು ಕೊಟ್ಟರೆ ಕೀವಾಗುತ್ತೆ" ಎಂದು ರೋಗಿಗೆ ಬರೀ ಗಂಜಿ, ಬ್ರೆಡ್ಡು ಕೊಡುವುದನ್ನು ದಿನವೂ ನೋಡುತ್ತೇವೆ. ಕೀವು ಆಗುವುದು ರೋಗಾಣುವಿನಿಂದ, ಅವರೆಕಾಳಿನಿಂದಲ್ಲ. ಗಾಯ ಕೂಡಲು ಸಸಾರಜನಕ, ಅಂದರೆ ಪ್ರೋಟೀನ್ ಬೇಕೇ ಬೇಕು. ಹಾಲು, ಮೊಸರು, ತೊಗರಿಬೇಳೆ, ಹುರುಳಿ, ಹೆಸರುಕಾಳು, ಅವರೆ, ಕಡಲೆಕಾಯಿ, ಸೋಯಾ ಕೊಡಿ. ರಾಗಿಮುದ್ದೆಗೆ ಕಾಳಿನ ಹುಳಿ ಬಹಳ ಒಳ್ಳೆಯ ಪಥ್ಯ. ಸೀಬೆ, ನೆಲ್ಲಿಕಾಯಿ, ನಿಂಬೆ ಗಾಯಕ್ಕೆ ಒಳ್ಳೆಯದು. ಮೊಟ್ಟೆ ತಿನ್ನುವ ರೂಢಿಯವರು ಮನೆಗೆ ಹೋದ ಮೇಲೆ ತಿನ್ನಬಹುದು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಪಥ್ಯ ಮಾಡಬೇಕು.

ಮನೆಗೆ ಹೋದ ಮೇಲೆ

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ 5–7 ದಿನಕ್ಕೆ, ಬೆನ್ನು ಮತ್ತು ಕಾಲಿನದನ್ನು 10–14 ದಿನಕ್ಕೆ ತೆಗೆಯುತ್ತಾರೆ. ಹೊಲಿಯಲು ಬಳಸುವ ದಾರಗಳಲ್ಲಿ ಒಂದು ಬಗೆ ರೇಷ್ಮೆಯದೇ ಎಂಬುದು ನಿಮಗೆ ಗೊತ್ತೇ? ಅದು ತಾನಾಗಿ ಉದುರುವುದಿಲ್ಲ, ತೆಗೆಸಲೇಬೇಕು. ಬೆಂಗಳೂರಿನಲ್ಲಿ ಆಪರೇಷನ್ ಆದವರು ಡ್ರೆಸ್ಸಿಂಗ್‌ಗೆಂದು ಪ್ರತಿ ಸಲ ಅಲ್ಲಿಗೇ ಹೋಗಬೇಕಾಗಿಲ್ಲ. ಡಿಸ್ಚಾರ್ಜ್ ಚೀಟಿ ತೋರಿಸಿದರೆ ಹತ್ತಿರದ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಬಹುದೇ ಎಂದು ಹೊರಡುವ ಮುನ್ನ ಕೇಳಿಕೊಳ್ಳಿ. ಬಸ್ಸು, ರೈಲಿನಲ್ಲಿ ಬರುವಾಗ ಕಾಲು ಚಾಚಿ ಕೂರುವ ಜಾಗ ಮಾಡಿಕೊಡಿ.

ಜ್ವರ, ಕೆಟ್ಟ ವಾಸನೆ, ಕೀವು, ಹೊಲಿಗೆ ಬಿಟ್ಟುಕೊಳ್ಳುವುದು, ಅಂಚು ಕಪ್ಪಾಗುವುದು ಕಂಡರೆ ಕೊಟ್ಟ ತಾರೀಕಿಗೆ ಕಾಯದೆ ಬನ್ನಿ.

ಪರೀಕ್ಷೆಯ ವರದಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ವಿಕಿರಣ ಚಿಕಿತ್ಸೆ ಬೇಕೆಂದರೆ ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ 6 ವಾರದ ಹೊತ್ತಿಗೆ ಶುರುಮಾಡುತ್ತಾರೆ. ಸುಗ್ಗಿ, ಮದುವೆ ಎಂದು ಅದನ್ನು ಮುಂದೂಡಬೇಡಿ. ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಗಾಯ ಮಾಯ್ದಿದೆ, ಇನ್ನೇಕೆ ಎನ್ನಬೇಡಿ. ಡಾಕ್ಟರು ಗ್ರಂಥಿಗಳನ್ನು ಮುಟ್ಟಿ ನೋಡಬೇಕು.

ಖರ್ಚಿನ ಮಾತು

ಹಣವಿಲ್ಲವೆಂದು ಹಿಂದೆ ಸರಿಯಬೇಡಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ತನ್ನಿ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದು. ವಿವರವನ್ನು ಕೌಂಟರಿನಲ್ಲಿ ಕೇಳಿ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಕ್ಯಾನ್ಸರಿಗೆಂದೇ ಇರುವ ಸರ್ಕಾರಿ ಸಂಸ್ಥೆ.

ಕನ್ನಡಿ ನೋಡುವ ದಿನ

ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚಿದಾಗ ಫ್ಲ್ಯಾಪ್ ದಪ್ಪವಾಗಿ, ಬೇರೆ ಬಣ್ಣದ್ದಾಗಿ ಕಾಣುತ್ತದೆ. ಕೆಲವರು ಅತ್ತುಬಿಡುತ್ತಾರೆ. ಅಳುವುದು ತಪ್ಪಲ್ಲ. ಊತ ಇಳಿಯಲು 3ರಿಂದ 6 ತಿಂಗಳು ಬೇಕು. ಎದೆಯ ಚರ್ಮವಾದರೆ ಅದರಲ್ಲಿ ರೋಮವೂ ಬೆಳೆಯಬಹುದು. ಹೆಚ್ಚು ದಪ್ಪವಾಗಿದ್ದರೆ ಮುಂದೆ ತೆಳುವಾಗಿಸಬಹುದು. ಸ್ಪರ್ಶಜ್ಞಾನ ನಿಧಾನವಾಗಿ ಸ್ವಲ್ಪ ಮಟ್ಟಿಗೆ ಬರಬಹುದು. ಮೊದಲಿನಂತೆಯೇ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಹುಣ್ಣಿನ ವಾಸನೆಗೆ ಅಂಜಿ ಮದುವೆ ಮನೆಗೆ ಹೋಗದೆ, ಪಂಕ್ತಿಯಲ್ಲಿ ಕೂರದೆ ದೂರ ಉಳಿದಿದ್ದವರು ಮತ್ತೆ ನಾಲ್ಕು ಜನರ ನಡುವೆ ಕೂರುವುದನ್ನು ನಾವು ನೋಡಿದ್ದೇವೆ.

ಮನೆಯವರಲ್ಲಿ ಒಂದು ವಿನಂತಿ. ರೋಗಿಯ ಎದುರು "ಅಯ್ಯೋ, ಹೇಗಾಗಿಹೋಯಿತು" ಎನ್ನಬೇಡಿ. ಈ ರೋಗ ಮುಟ್ಟಿದರೆ ಅಂಟುವುದಿಲ್ಲ. ಒಂದೇ ತಟ್ಟೆ ಲೋಟ ಬಳಸಿ, ಪಕ್ಕದಲ್ಲಿ ಕುಳಿತು ಊಟ ಮಾಡಿ.

ನೆನಪಿಡಿ

* 4 ವಾರ ಮಾಯದ ಹುಣ್ಣು, ಹಳೆಯ ಸುಟ್ಟ ಕಲೆಯಲ್ಲಿ ಹೊಸ ಹುಣ್ಣು, ಅಂಗಾಲಿನ ಕಪ್ಪು ಮಚ್ಚೆ: ಕೂಡಲೇ ತೋರಿಸಿ.
* ಹೊಗೆಸೊಪ್ಪು ಬಿಡಿ.
* ಫ್ಲ್ಯಾಪ್ ಬಿಳಿಚಿದರೆ, ನೀಲಿಯಾದರೆ ಆ ಕ್ಷಣವೇ ಸಿಸ್ಟರನ್ನು ಕರೆಯಿರಿ. ಬೇಕಾದರೆ ಎರಡನೇ ಸಲವೂ ಕರೆಯಿರಿ.
* ವರದಿ ಪಡೆಯಿರಿ, ತಪಾಸಣೆ ತಪ್ಪಿಸಬೇಡಿ.

ಅರ್ಥವಾಗದ್ದೇನಾದರೂ ಇದ್ದರೆ ವಾರ್ಡಿನ ಸಿಸ್ಟರನ್ನು ಸಂಕೋಚವಿಲ್ಲದೆ ಕೇಳಿ.